ಗುಳಿಗೆಯ ಚೀಲದ ಲೆಕ್ಕ

ವಯಸ್ಸಾದವರಿರುವ ಮನೆಯಲ್ಲಿ ಗುಳಿಗೆಗಳ ಚೀಲವೊಂದು ಇಲ್ಲದಿರುವುದು ಇಂದು ಅಪೂರ್ವ. ಗೋಡೆಯ ಮೊಳೆಗೋ ಕಿಟಕಿಯ ಸರಳಿಗೋ ತೂಗುಬಿದ್ದಿರುವ ಆ ಚೀಲದಲ್ಲಿ ಈ ತಿಂಗಳು ತಂದ ಗುಳಿಗೆಗಳಿರುತ್ತವೆ. ಕಳೆದ ವರ್ಷದವೂ ಇರುತ್ತವೆ. ತೀರಿಹೋದ ಯಜಮಾನರಿಗೆಂದು ತಂದು ಮಿಕ್ಕವು ಕೂಡ ಒಮ್ಮೊಮ್ಮೆ ಇರುವುದುಂಟು. ಜೊತೆಗೆ, ಮಡಿಸಿ ಮಡಿಸಿ ಅಂಚು ಹರಿದ ಔಷಧಚೀಟಿಗಳು ನಾಲ್ಕಾರು. ಒಂದೊಂದು ಚೀಟಿಯನ್ನೂ ಬರೆದವರು ಬಲ್ಲ ವೈದ್ಯರೇ. ಬರೆದ ದಿನ ಅದಕ್ಕೆ ತಕ್ಕ ಕಾರಣವೂ ಇದ್ದಿತು. ಆದರೆ ಆ ಚೀಲವನ್ನು ಒಟ್ಟಿಗೆ ಸುರಿದು, ಅದರೊಳಗಿರುವುದೆಲ್ಲ ಒಂದೇ ದೇಹವನ್ನು ಸೇರತಕ್ಕದ್ದೆಂಬುದನ್ನು ನೆನಪಿನಲ್ಲಿಟ್ಟುಕೊಂಡು ನೋಡಿದವರು ಯಾರು? ಬಹುಮಟ್ಟಿಗೆ ಯಾರೂ ಇಲ್ಲ. ಈ ಕೆಲಸಕ್ಕೆ ಔಷಧ ಪರಿಶೀಲನೆಯೆಂದು ಹೆಸರು. ಅದು ಏಕೆ ಬೇಕಾಯಿತು, ಫಾರ್ಮಸಿಸ್ಟ್ ಎಂದರೆ ಔಷಧತಜ್ಞನು ಅದನ್ನು ಹೇಗೆ ಮಾಡುತ್ತಾನೆ, ಅದರಿಂದ ನಿಜವಾಗಿ ಎಷ್ಟು ಪ್ರಯೋಜನ ಎಂಬುದನ್ನು ಇಲ್ಲಿ ವಿಚಾರಿಸುವೆವು.

ಕಲಬುರಗಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜಿಗೆ ಸೇರಿದ ಬಸವೇಶ್ವರ ಆಸ್ಪತ್ರೆ, ಹೃದ್ರೋಗಕ್ಕೆ ಜಯದೇವ ಸಂಸ್ಥೆಯ ಶಾಖೆ, ಇವಲ್ಲದೆ ಬೀದಿಬೀದಿಗೂ ಖಾಸಗಿ ದವಾಖಾನೆಗಳು. ಇಲ್ಲಿಂದ ಹುಮನಾಬಾದಿನ ಹಾದಿ ಹಿಡಿದು ಈಶಾನ್ಯಕ್ಕೆ ಸಾಗಿದರೆ ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿ ಕಮಲಾಪುರ ಸಿಕ್ಕುತ್ತದೆ. ಕೆಂಪು ಬಾಳೆಯ ಹಣ್ಣಿಗೆ ಹೆಸರಾದ ಈ ಊರು ಈಗ ತಾಲ್ಲೂಕು ಕೇಂದ್ರ. ಇಲ್ಲಿಯ ವೃದ್ಧರು ಜ್ವರಕ್ಕೆ ಊರಿನ ವೈದ್ಯರನ್ನೂ, ಸಕ್ಕರೆ ಬೇನೆಗೆ ಸರ್ಕಾರಿ ಆಸ್ಪತ್ರೆಯನ್ನೂ, ಎದೆಯ ನೋವಿಗೆ ಕಲಬುರಗಿಯ ತಜ್ಞರನ್ನೂ ಕಾಣುತ್ತಾರೆ; ಮೊಣಕಾಲಿನ ನೋವಿಗೆ ಬಸ್‌ನಿಲ್ದಾಣದ ಎದುರಿನ ಮೆಡಿಕಲ್ ಅಂಗಡಿಯೇ ಸಾಕು. ಹೀಗೆ ನಾಲ್ಕು ಕಡೆಯ ಔಷಧಗಳು ಒಂದು ಚೀಲದಲ್ಲಿ ಕೂಡುತ್ತವೆ. ವೈದ್ಯರು ಒಬ್ಬರನ್ನೊಬ್ಬರು ಕಾಣರು. ಅವರ ಗುಳಿಗೆಗಳು ಮಾತ್ರ ದಿನಕ್ಕೆ ಎರಡು ಬಾರಿ ರೋಗಿಯ ಹೊಟ್ಟೆಯಲ್ಲಿ ಸಂಧಿಸುತ್ತವೆ.

ಗಣಿತದ ದೃಷ್ಟಿಯಿಂದಲೂ ಇದನ್ನು ನೋಡಬಹುದು. ಎರಡು ಔಷಧಗಳಿದ್ದರೆ ಅವುಗಳಲ್ಲಿ ಒಂದೇ ಜೋಡಿ. ಐದಾದರೆ ಜೋಡಿಗಳು ಹತ್ತು, ಎಂಟಾದರೆ 28. ಎಲ್ಲ ಜೋಡಿಗಳೂ ಜಗಳವಾಡುವುದಿಲ್ಲ, ಬಹುಪಾಲು ನಿರುಪದ್ರವಿಗಳೇ. ಆದರೆ ಯಾವುದು ಜಗಳಗಂಟಿ ಎಂಬುದನ್ನು ತಿಳಿಯಲು 28ನ್ನೂ ನೋಡಲೇಬೇಕಲ್ಲವೆ? ಹತ್ತು ನಿಮಿಷಕ್ಕೊಬ್ಬ ರೋಗಿಯನ್ನು ಕಳುಹಿಸಬೇಕಾದ ವೈದ್ಯರಿಗೆ ಇದು ಆಗದ ಮಾತು.

ಈಗ ಒಬ್ಬ ವೃದ್ಧೆಯನ್ನು ಕಲ್ಪಿಸಿಕೊಳ್ಳೋಣ. ಕಮಲಾಪುರದ ಬಳಿಯ ಹಳ್ಳಿಯವರು; ವಯಸ್ಸು 72, ತೂಕ 45 ಕಿಲೋಗ್ರಾಂ. ಸಕ್ಕರೆ ಬೇನೆ, ರಕ್ತದ ಒತ್ತಡ, ಮೊಣಕಾಲಿನ ನೋವು, ಈಚೆಗೆ ಪಾದಗಳಲ್ಲಿ ಬಾವು. ಚೀಲದಲ್ಲಿ ಆರು ಬಗೆಯ ಗುಳಿಗೆಗಳಿವೆ. ಔಷಧತಜ್ಞನು ಮೊದಲು ಕೇಳುವುದು “ಇದು ಯಾವ ಔಷಧ?” ಎಂದಲ್ಲ, “ಅಮ್ಮಾ, ನೀವು ದಿನಾ ಹೇಗೆ ತೆಗೆದುಕೊಳ್ಳುತ್ತೀರಿ, ತೋರಿಸಿರಿ” ಎಂದು. “ಬಿಳೇದು ಮುಂಜಾನಿ, ಕೆಂಪಂದು ರಾತ್ರಿ” ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಅಕ್ಷರ ಬಾರದವರಿಗೆ ಬಣ್ಣವೇ ಹೆಸರು. ಅಂಗಡಿಯವನು ಬೇರೊಂದು ಕಂಪನಿಯ ಗುಳಿಗೆಯನ್ನು ಕೊಟ್ಟನೆಂದರೆ ಬಣ್ಣ ಬದಲಾಗುತ್ತದೆ. ಹಳೆಯದು ಮುಗಿದಿಲ್ಲ, ಹೊಸದು ಬಂದಿದೆ, ಆದುದರಿಂದ ಎರಡನ್ನೂ ನುಂಗುತ್ತಾರೆ. ಇನ್ನೊಂದು ತೊಡಕು ಕತ್ತರಿಯದು. ಹತ್ತು ಗುಳಿಗೆಯ ಪಟ್ಟಿಯಿಂದ ನಾಲ್ಕನ್ನು ಕತ್ತರಿಸಿ ಕೊಡುವಾಗ ಔಷಧದ ಹೆಸರೂ ಅವಧಿ ಮುಗಿಯುವ ತಾರೀಖೂ ಅಂಗಡಿಯಲ್ಲೇ ಉಳಿಯುತ್ತವೆ. ಮನೆಗೆ ಬರುವುದು ಹೆಸರಿಲ್ಲದ ಗುಳಿಗೆ.

ಹೆಸರುಗಳನ್ನು ಹೇಗೋ ಪತ್ತೆಹಚ್ಚಿದರೆ ಈ ವೃದ್ಧೆಯ ಆರು ಗುಳಿಗೆಗಳಲ್ಲಿ ಇರುವುದು ಎಂಟು ಔಷಧಗಳು. ಸಕ್ಕರೆ ಬೇನೆಯ ಗುಳಿಗೆಯಲ್ಲಿ ಗ್ಲಿಬೆನ್‌ಕ್ಲಮೈಡ್ ಮತ್ತು ಮೆಟ್‌ಫಾರ್ಮಿನ್. ಒತ್ತಡದ ಗುಳಿಗೆಯಲ್ಲಿ ಟೆಲ್ಮಿಸಾರ್ಟನ್ ಮತ್ತು ಹೈಡ್ರೊಕ್ಲೋರೊಥಯಾಜೈಡ್. ಅದೇ ಒತ್ತಡಕ್ಕೆ ಇನ್ನೊಬ್ಬ ವೈದ್ಯರು ಬರೆದ ಆಮ್ಲೊಡಿಪಿನ್. ಕಾಲಿನ ಬಾವಿಗೆ ಫ್ಯುರೋಸಮೈಡ್. ಮೊಣಕಾಲಿಗೆ ಡೈಕ್ಲೊಫೆನಾಕ್ ಮತ್ತು ಪ್ಯಾರಸಿಟಮಾಲ್ ಕೂಡಿದ ಗುಳಿಗೆ. ಮೈಕೈ ನೋವಿಗೆಂದು ತಂದ ಇನ್ನೊಂದು ಗುಳಿಗೆಯಲ್ಲಿ ಮತ್ತೆ ಅದೇ ಪ್ಯಾರಸಿಟಮಾಲ್. ಹೊರಗಿನ ಹೆಸರು ಬೇರೆ ಬೇರೆಯಾದುದರಿಂದ ಒಳಗಿರುವುದು ಒಂದೇ ಎಂದು ಗೊತ್ತಾಗುವ ಬಗೆಯೇ ಇಲ್ಲ.

ಇಷ್ಟರಲ್ಲಿ ಯಾವುದು ಅಪಾಯಕಾರಿ? ಇದನ್ನು ಹೇಳಬೇಕಾದರೆ ಮುಪ್ಪಿನಲ್ಲಿ ಮೂತ್ರಪಿಂಡಗಳ ಸ್ಥಿತಿ ಏನಾಗುತ್ತದೆಂಬುದನ್ನು ತಿಳಿಯಬೇಕು. ನಾವು ನುಂಗುವ ಔಷಧಗಳಲ್ಲಿ ಅನೇಕವನ್ನು ದೇಹದಿಂದ ಹೊರದೂಡುವುದು ಮೂತ್ರಪಿಂಡಗಳೇ. ಅವುಗಳ ಶಕ್ತಿಯನ್ನು ಅಳೆಯಲು ರಕ್ತದಲ್ಲಿನ ಕ್ರಿಯೇಟಿನಿನ್ ಎಂಬ ಪದಾರ್ಥವನ್ನು ಪರೀಕ್ಷಿಸುತ್ತಾರೆ. ನಮ್ಮ ವೃದ್ಧೆಯ ವರದಿಯಲ್ಲಿ ಅದು 1.1 ಎಂದಿದೆಯೆಂದಿಟ್ಟುಕೊಳ್ಳಿ. ವರದಿಯ ಮಗ್ಗುಲಿನಲ್ಲಿ ಅಚ್ಚಾಗಿರುವ ಮಿತಿಯೊಳಗೇ ಅದು ಇರುತ್ತದೆ, ಯಾರೂ ಗಾಬರಿಗೊಳ್ಳುವುದಿಲ್ಲ. ಆದರೆ ಕ್ರಿಯೇಟಿನಿನ್ ಹುಟ್ಟುವುದು ಮಾಂಸಖಂಡಗಳಿಂದ. ಬಡಕಲಾದ ಮುದಿ ದೇಹದಲ್ಲಿ ಮಾಂಸವೇ ಕಡಿಮೆ, ಹುಟ್ಟುವ ಕ್ರಿಯೇಟಿನಿನ್ ಕಡಿಮೆ. ಮೂತ್ರಪಿಂಡ ಸೋತಿದ್ದರೂ ಅಂಕೆ ಮೇಲೇರುವುದಿಲ್ಲ. 1976ರಲ್ಲಿ ಕೆನಡದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಎಂಬ ವೈದ್ಯರು ಇದನ್ನು ಸರಿಪಡಿಸಿಕೊಳ್ಳಲು ಸುಲಭವಾದ ಸೂತ್ರವೊಂದನ್ನು ಕೊಟ್ಟರು. 140ರಿಂದ ವಯಸ್ಸನ್ನು ಕಳೆದು, ಉಳಿದುದನ್ನು ದೇಹದ ತೂಕದಿಂದ ಗುಣಿಸಿ, ಬಂದುದನ್ನು ಕ್ರಿಯೇಟಿನಿನ್ನಿನ 72 ಪಟ್ಟಿನಿಂದ ಭಾಗಿಸಬೇಕು, ಹೆಂಗಸರಾದರೆ 0.85ರಿಂದ ಮತ್ತೊಮ್ಮೆ ಗುಣಿಸಬೇಕು. ಓದುಗರು ಕಾಗದದ ಮೇಲೆ ಮಾಡಿ ನೋಡಬಹುದು. ನಮ್ಮ ವೃದ್ಧೆಗೆ ಬರುವ ಉತ್ತರ ನಿಮಿಷಕ್ಕೆ ಸುಮಾರು 33 ಮಿಲಿಲೀಟರ್. ಮೂವತ್ತು ವರ್ಷದ, 60 ಕಿಲೋಗ್ರಾಂ ತೂಕದ, 0.8 ಕ್ರಿಯೇಟಿನಿನ್ ಇರುವ ತರುಣಿಗೆ ಅದು 97. ಎಂದರೆ “ಸರಿಯಾಗಿದೆ” ಎಂಬ ವರದಿಯನ್ನು ಕೈಯಲ್ಲಿ ಹಿಡಿದವರ ಮೂತ್ರಪಿಂಡಗಳು ತರುಣಿಯ ಮೂತ್ರಪಿಂಡಗಳ ಮೂರರಲ್ಲೊಂದು ಪಾಲು ಕೆಲಸವನ್ನಷ್ಟೇ ಮಾಡುತ್ತಿವೆ.

ಈ ಒಂದು ಅಂಕೆ ತಿಳಿದೊಡನೆ ಚೀಲದ ಅರ್ಥವೇ ಬದಲಾಗುತ್ತದೆ. ಮೆಟ್‌ಫಾರ್ಮಿನ್ನಿನ ಪ್ರಮಾಣವನ್ನು ಇಳಿಸುವ ವಿಚಾರ ಬರುತ್ತದೆ. ಅದಕ್ಕಿಂತ ಮುಖ್ಯವಾದುದು ಗ್ಲಿಬೆನ್‌ಕ್ಲಮೈಡ್. ರಕ್ತದಲ್ಲಿ ಸಕ್ಕರೆ ಇರಲಿ ಇಲ್ಲದಿರಲಿ, ಇನ್ಸುಲಿನ್ನನ್ನು ಸುರಿಸುವಂತೆ ಮೇದೋಜೀರಕಾಂಗವನ್ನು ಒತ್ತಾಯಿಸುವುದು ಇದರ ಗುಣ. ಯಕೃತ್ತು ಇದನ್ನು ಮಾರ್ಪಡಿಸಿದ ಮೇಲೂ ಆ ಮಾರ್ಪಟ್ಟ ರೂಪಗಳಿಗೆ ಸ್ವಲ್ಪ ಶಕ್ತಿ ಉಳಿದಿರುತ್ತದೆ. ಅವು ಮೂತ್ರಪಿಂಡದ ಮೂಲಕ ಹೋಗಬೇಕು. ಮೂತ್ರಪಿಂಡ ಸೋತಿದ್ದರೆ ಅಲ್ಲೇ ಉಳಿದು ಕೂಡಿಕೊಳ್ಳುತ್ತವೆ. ಆಗ ಸಕ್ಕರೆ ಕುಸಿಯುತ್ತದೆ. ಶ್ರಾವಣ ಸೋಮವಾರದ ಉಪವಾಸವೋ ರಂಜಾನಿನ ರೋಜಾವೋ ಇದ್ದು, ಊಟ ತಪ್ಪಿ ಗುಳಿಗೆ ತಪ್ಪದಿದ್ದರೆ ಕುಸಿತ ಇನ್ನೂ ಆಳವಾಗುತ್ತದೆ. ಬೆವರು, ನಡುಕ, ತಡವರಿಸುವ ಮಾತು, ಗೊಂದಲ, ಕೊನೆಗೆ ಎಚ್ಚರ ತಪ್ಪುವುದು. ಮನೆಯವರು ಇದನ್ನು ಲಕ್ವವೆಂದೋ ಮುಪ್ಪಿನ ಅರೆಮರುಳೆಂದೋ ತಿಳಿಯುವುದುಂಟು. ಸಕ್ಕರೆಯ ನೀರು ಕುಡಿಸಿ ಚೇತರಿಸಿಕೊಂಡರೆಂದು ಸುಮ್ಮನಾದರೂ, ಔಷಧ ದೇಹದಲ್ಲಿ ಇನ್ನೂ ಇರುವುದರಿಂದ ಕೆಲವು ಗಂಟೆಗಳ ಮೇಲೆ ಮತ್ತೆ ಅದೇ ಸ್ಥಿತಿ ಮರಳಬಹುದು. ಆದುದರಿಂದ ಇಂಥವರನ್ನು ಆಸ್ಪತ್ರೆಯಲ್ಲಿ ಒಂದು ದಿನಕ್ಕೂ ಮೇಲ್ಪಟ್ಟು ಕಾಯಬೇಕಾಗುತ್ತದೆ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ, ವೃದ್ಧರಿಗೆ ಕೊಡದಿರುವುದೇ ಲೇಸೆನ್ನುವ ಔಷಧಗಳ ಪಟ್ಟಿಯೊಂದನ್ನು ಆರಂಭಿಸಿದರು. ಕಾಲಕಾಲಕ್ಕೆ ತಿದ್ದಲ್ಪಡುತ್ತ ಬಂದಿರುವ ಆ ಪಟ್ಟಿಯಲ್ಲಿ ಗ್ಲಿಬೆನ್‌ಕ್ಲಮೈಡಿಗೂ ಸ್ಥಾನವುಂಟು.

ಎರಡನೆಯ ಅಪಾಯ ಒಂದು ಔಷಧದ್ದಲ್ಲ, ಮೂರರ ಕೂಟದ್ದು. ಪ್ರತಿ ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ಸೂಕ್ಷ್ಮವಾದ ಗೊಂಚಲುಗಳು ಸುಮಾರು ಹತ್ತು ಲಕ್ಷವಿವೆ. ಒಂದೊಂದು ಗೊಂಚಲಿಗೂ ರಕ್ತವನ್ನು ತರುವ ನಾಳವೊಂದು, ಒಯ್ಯುವ ನಾಳವೊಂದು. ಕಾಲುವೆಯ ಎರಡು ತೂಬುಗಳಂತೆ ಇವನ್ನು ಭಾವಿಸಬಹುದು. ಮೇಲಿನ ತೂಬು ತೆರೆದಿದ್ದು ಕೆಳಗಿನದು ಕೊಂಚ ಬಿಗಿದಿದ್ದರೆ ಮಾತ್ರ ನಡುವೆ ಒತ್ತಡ ನಿಂತು ಸೋಸುವಿಕೆ ನಡೆಯುತ್ತದೆ. ಮೇಲಿನ ತೂಬನ್ನು ತೆರೆದಿಡುವ ಕೆಲಸ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳದು. ಡೈಕ್ಲೊಫೆನಾಕಿನಂಥ ನೋವಿನ ಗುಳಿಗೆ ಅವುಗಳ ಉತ್ಪತ್ತಿಯನ್ನೇ ತಡೆಯುತ್ತದೆ. ಕೆಳಗಿನ ತೂಬನ್ನು ಬಿಗಿಹಿಡಿಯುವುದು ಆಂಜಿಯೊಟೆನ್ಸಿನ್. ಟೆಲ್ಮಿಸಾರ್ಟನ್ ಅದರ ಹಿಡಿತವನ್ನು ಸಡಿಲಿಸುತ್ತದೆ. ಇನ್ನು ಕಾಲುವೆಯ ನೀರನ್ನೇ ಕಡಿಮೆ ಮಾಡುವುದು ಮೂತ್ರ ಹೆಚ್ಚಿಸುವ ಗುಳಿಗೆ. ನಮ್ಮ ವೃದ್ಧೆಗೆ ಅಂಥವು ಎರಡಿವೆ. ಮೂರೂ ಕೂಡಿದಾಗ ಗೊಂಚಲಿನಲ್ಲಿ ಒತ್ತಡವೇ ಇಲ್ಲವಾಗುತ್ತದೆ. ಚಳಿಗಾಲದಲ್ಲಿ ದೇಹ ಇದನ್ನು ಹೇಗೋ ತಾಳಿಕೊಂಡೀತು. ನೆರಳಿನಲ್ಲಿಯೂ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವ ಕಲಬುರಗಿಯ ಏಪ್ರಿಲ್, ಮೇ ತಿಂಗಳುಗಳಲ್ಲಿ, ಬೆವರಿ ಬತ್ತಿದ ದೇಹಕ್ಕೆ ಎರಡು ದಿನದ ವಾಂತಿಭೇದಿ ಬಂದರೆ ಮೂತ್ರಪಿಂಡಗಳು ಹಠಾತ್ತನೆ ನಿಲ್ಲುವ ಸಂಭವವುಂಟು. ಆ ದಿನ ಎಲ್ಲರೂ ಬಿಸಿಲನ್ನು ದೂರುತ್ತಾರೆ. ಮೊಣಕಾಲಿನ ಗುಳಿಗೆಯನ್ನು ಯಾರೂ ನೆನೆಯುವುದಿಲ್ಲ.

ಕಾಲಿನ ಬಾವಿನ ಕಥೆಯೂ ತಮಾಷೆಯಾದುದೇ. ಆಮ್ಲೊಡಿಪಿನ್ ಚಿಕ್ಕ ರಕ್ತನಾಳಗಳನ್ನು ಸಡಿಲಿಸುವುದರಿಂದ ಕೆಲವರಲ್ಲಿ ನೀರು ನಾಳಗಳಿಂದ ಜಿನುಗಿ ಪಾದಗಳಲ್ಲಿ ನಿಲ್ಲುತ್ತದೆ. ಅದನ್ನು ಹೊಸ ರೋಗವೆಂದು ಭಾವಿಸಿ ಫ್ಯುರೋಸಮೈಡ್ ಬರೆದದ್ದಾಯಿತು. ದೇಹದಲ್ಲಿ ನೀರು ಹೆಚ್ಚಾಗಿ ಬಂದ ಬಾವು ಇದಲ್ಲವಾದುದರಿಂದ ಅದು ಅಷ್ಟಾಗಿ ಇಳಿಯಲಿಲ್ಲ. ಹೊತ್ತುಗೊತ್ತಿಲ್ಲದೆ ಮೂತ್ರಕ್ಕೆ ಏಳುವುದು ಹೆಚ್ಚಿತು. ಕತ್ತಲಲ್ಲಿ ಎದ್ದವರು ಬಿದ್ದರು. ಔಷಧದ ಉಪದ್ರವವನ್ನೇ ರೋಗವೆಂದು ತಿಳಿದು ಅದಕ್ಕೆ ಇನ್ನೊಂದು ಔಷಧ ಕೊಡುವ ಈ ಸರಪಳಿಯನ್ನು ರೋಷನ್ ಮತ್ತು ಗುರ್ವಿಟ್ಸ್ ಎಂಬ ವೈದ್ಯರು 1997ರಲ್ಲಿ ಸ್ಪಷ್ಟವಾಗಿ ವಿವರಿಸಿದರು. ಸರಪಳಿಯ ಮೊದಲ ಕೊಂಡಿಯನ್ನು ಬದಲಿಸಿದರೆ ಉಳಿದವು ತಾವಾಗಿ ಕಳಚುತ್ತವೆ.

ನಿದ್ರೆಯ ಗುಳಿಗೆಗಳ ಬಗೆಗೆ ಒಂದು ಮಾತು ಸಾಕು. ಡಯಾಜಿಪಾಮ್ ಕೊಬ್ಬಿನಲ್ಲಿ ಕರಗುವ ಔಷಧ. ಮುಪ್ಪಿನಲ್ಲಿ ದೇಹದ ನೀರು ತಗ್ಗಿ ಕೊಬ್ಬಿನ ಪಾಲು ಏರುವುದರಿಂದ ಅದು ಅಲ್ಲಿ ತಂಗುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 20 ಗಂಟೆ ಸಾಕು. ಎಂಬತ್ತರಲ್ಲಿ ಸುಮಾರು 90 ಗಂಟೆ ಬೇಕು. ನಿನ್ನೆಯ ಗುಳಿಗೆ, ಮೊನ್ನೆಯ ಗುಳಿಗೆ, ಇಂದಿನದು ಎಲ್ಲವೂ ಒಟ್ಟಿಗೆ ತೂಕಡಿಸುತ್ತವೆ.

ಇವನ್ನೆಲ್ಲ ಕಂಡುಹಿಡಿದ ಔಷಧತಜ್ಞನು ಏನು ಮಾಡಬಹುದು? ಗುಳಿಗೆಯನ್ನು ತಾನೇ ನಿಲ್ಲಿಸಲಾರ, ಬದಲಿಸಲೂ ಆರ. ಆ ಅಧಿಕಾರ ವೈದ್ಯರದು, ಅದು ಸರಿಯಾಗಿಯೂ ಇದೆ. ಕೆಲವು ಔಷಧಗಳನ್ನು ಥಟ್ಟನೆ ನಿಲ್ಲಿಸುವುದು ಮುಂದುವರಿಸುವುದಕ್ಕಿಂತ ಕೇಡು. ಅಟೆನೊಲಾಲ್ ಮುಂತಾದವನ್ನು ತಟಕ್ಕನೆ ಬಿಟ್ಟರೆ ಎದೆಯ ನೋವು ಕೆರಳಬಹುದು. ಬಹುಕಾಲ ನುಂಗಿದ ಸ್ಟೆರಾಯ್ಡನ್ನು ಹಂತಹಂತವಾಗಿಯೇ ಇಳಿಸಬೇಕು. ಆದುದರಿಂದ ಈ ಲೇಖನವನ್ನೋದಿ ಯಾರೂ ಮನೆಯ ಹಿರಿಯರ ಚೀಲವನ್ನು ತಿಪ್ಪೆಗೆಸೆಯಕೂಡದು. ಔಷಧತಜ್ಞನು ಮಾಡುವುದಿಷ್ಟು: ಯಾವ ಗುಳಿಗೆ ಏಕೆ ಇದೆ, ಯಾವುದಕ್ಕೆ ಕಾರಣ ಮುಗಿದಿದೆ, ಯಾವುದು ಯಾವುದರೊಡನೆ ಹೊಂದದು, ಬೇಕಾದ ಯಾವ ಔಷಧ ಬಿಟ್ಟುಹೋಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಚಿಕಿತ್ಸೆ ಮಾಡುವ ವೈದ್ಯರ ಮುಂದಿಡುತ್ತಾನೆ. ವೈದ್ಯರು ಒಪ್ಪಿದ್ದನ್ನು ರೋಗಿಗೂ ಮನೆಯವರಿಗೂ ಅವರ ಮಾತಿನಲ್ಲಿಯೇ ತಿಳಿಸುತ್ತಾನೆ. ಕೆಲವು ವಾರಗಳ ಮೇಲೆ ಮತ್ತೆ ವಿಚಾರಿಸುತ್ತಾನೆ. ಈ ಕೊನೆಯ ಕೆಲಸವೇ ಎಲ್ಲಕ್ಕಿಂತ ಹೆಚ್ಚಾಗಿ ಬಿಟ್ಟುಹೋಗುವುದು.

ಔಷಧದ ಪೊಟ್ಟಣ ಕಟ್ಟುವವನಿಂದ ರೋಗಿಯ ಹೊಣೆ ಹೊರುವವನ ಮಟ್ಟಕ್ಕೆ ಈ ವೃತ್ತಿ ಏರಿದುದು ದೀರ್ಘ ಕಥೆ. ನಮ್ಮ ದೇಶದಲ್ಲಿ ಈ ವಿದ್ಯೆಗೆ ವಿಶ್ವವಿದ್ಯಾಲಯದ ಸ್ಥಾನ ದೊರೆತದ್ದು 1932ರಲ್ಲಿ, ಮಹಾದೇವ ಲಾಲ್ ಶ್ರಾಫರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಾಠ ಆರಂಭಿಸಿದಾಗ. ಔಷಧದಿಂದ ಬರುವ ಫಲಕ್ಕೂ ಔಷಧತಜ್ಞನು ಹೊಣೆಗಾರನೆಂಬ ತತ್ತ್ವವನ್ನು 1990ರಲ್ಲಿ ಅಮೆರಿಕದ ಹೆಪ್ಲರ್ ಮತ್ತು ಸ್ಟ್ರಾಂಡ್ ಎಂಬುವರು ಮುಂದಿಟ್ಟರು. ಕರ್ಣಾಟಕದಲ್ಲಿ ಆಸ್ಪತ್ರೆಯ ಹಾಸಿಗೆಯ ಬಳಿಗೇ ಈ ವಿದ್ಯೆಯನ್ನು ಒಯ್ದವರಲ್ಲಿ ಮೈಸೂರಿನ ಜೆ.ಎಸ್.ಎಸ್. ಕಾಲೇಜಿನವರು ಮೊದಲಿಗರು, ಅದು ಕಳೆದ ಶತಮಾನದ ಕೊನೆಯ ದಶಕದ ಮಾತು. 2008ರಲ್ಲಿ ಆರು ವರ್ಷದ ಫಾರ್ಮ್ ಡಿ. ಶಿಕ್ಷಣಕ್ರಮ ದೇಶಾದ್ಯಂತ ಬಂದಿತು. ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಾತೋಶ್ರೀ ತಾರಾದೇವಿ ರಾಂಪೂರೆ ಔಷಧವಿಜ್ಞಾನ ಕಾಲೇಜಿನಲ್ಲಿ ಈ ಶಿಕ್ಷಣವುಂಟು. ವಿದ್ಯಾರ್ಥಿಗಳು ಬಸವೇಶ್ವರ ಆಸ್ಪತ್ರೆಯ ವಾರ್ಡುಗಳಲ್ಲಿ ವೈದ್ಯರೊಡನೆ ಸುತ್ತಿ ಕಲಿಯುತ್ತಾರೆ.

ಇದರಿಂದ ಪ್ರಯೋಜನವಿದೆಯೆ? ವಿಜ್ಞಾನದಲ್ಲಿ ಸದುದ್ದೇಶವೇ ಸಾಕ್ಷ್ಯವಾಗಲಾರದು. 2005ರಲ್ಲಿ ಇಂಗ್ಲೆಂಡಿನಿಂದ ಬಂದ ಪ್ರಯೋಗವೊಂದರ ಫಲ ಎಲ್ಲರನ್ನೂ ಬೆರಗುಗೊಳಿಸಿತು. ಆಸ್ಪತ್ರೆಯಿಂದ ಮನೆಗೆ ಮರಳಿದ, ಎಂಬತ್ತು ದಾಟಿದ 872 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಮನೆಗೆ ಮಾತ್ರ ಔಷಧತಜ್ಞರು ಎರಡು ಬಾರಿ ಹೋಗಿಬಂದರು. ಆರು ತಿಂಗಳಲ್ಲಿ ಆ ಗುಂಪಿನವರು ಆಸ್ಪತ್ರೆಗೆ ಮರಳಿದ್ದು ಕಡಿಮೆಯಾಗುವ ಬದಲು ಶೇಕಡ 30ರಷ್ಟು ಹೆಚ್ಚಾಯಿತು! ಎಲ್ಲ ಔಷಧಗಳನ್ನೂ ತಪ್ಪದೆ ನುಂಗುವಂತಾದುದರಿಂದ ಉಪದ್ರವ ಹೆಚ್ಚಿತೋ, ಅಪಾಯದ ಚಿಹ್ನೆಗಳನ್ನು ಅರಿತು ಬೇಗ ಆಸ್ಪತ್ರೆಗೆ ಧಾವಿಸಿದರೋ ಹೇಳುವುದು ಕಷ್ಟ. ಆದರೆ 2012ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಇಂಗ್ಲೆಂಡಿನ 72 ದವಾಖಾನೆಗಳ ಪೈಕಿ ಅರ್ಧದಷ್ಟರಲ್ಲಿ ಔಷಧತಜ್ಞರು ವೈದ್ಯರ ಮಗ್ಗುಲಲ್ಲೇ ಕುಳಿತು ಅಪಾಯಕರ ಚೀಟಿಗಳನ್ನು ಹುಡುಕಿ ತಿದ್ದಿಸಿದಾಗ, ಹುಣ್ಣಿರುವವರಿಗೆ ನೋವಿನ ಗುಳಿಗೆ ಕೊಡುವಂಥ ತಪ್ಪುಗಳು ಸ್ಪಷ್ಟವಾಗಿ ಇಳಿದವು. 2023ರಲ್ಲಿ ಆಸ್ಪತ್ರೆ ಸೇರಿದವರ ಮೇಲಿನ 25 ಪ್ರಯೋಗಗಳನ್ನು ಕ್ರೋಢೀಕರಿಸಿ ನೋಡಿದವರು, ಪರಿಶೀಲನೆಯಿಂದ ಮತ್ತೆ ಆಸ್ಪತ್ರೆ ಸೇರುವುದು ಬಹುಶಃ ಕಡಿಮೆಯಾಗುತ್ತದೆ, ಸಾವಿನ ಪ್ರಮಾಣದಲ್ಲಿ ಮಾತ್ರ ಹೆಚ್ಚು ವ್ಯತ್ಯಾಸ ಕಾಣದು ಎಂದರು. ಇವನ್ನೆಲ್ಲ ಕೂಡಿಸಿ ನೋಡಿದರೆ ನಮಗೆ ತೋರುವುದು ಹೀಗೆ: ಒಬ್ಬನೇ ಮನೆಗೆ ಹೋಗಿ ಉಪದೇಶ ಮಾಡಿ ಬರುವ ಔಷಧತಜ್ಞನಿಂದ ಹೆಚ್ಚು ಫಲವಿಲ್ಲ, ಚೀಟಿ ಬರೆಯುವವರ ಕಿವಿಗೆ ಅವನ ಮಾತು ಬೀಳುವಲ್ಲಿ ಫಲವುಂಟು. ಆಸ್ಟ್ರೇಲಿಯದಲ್ಲಿ 2001ರಿಂದ ನಡೆದುಬಂದಿರುವ ಮನೆಭೇಟಿಯ ಕ್ರಮದಲ್ಲಿ ವೈದ್ಯರೇ ಹೇಳಿಕಳುಹಿಸಬೇಕು, ವರದಿಯೂ ವೈದ್ಯರಿಗೇ ಮರಳಬೇಕು ಎಂಬ ಕಟ್ಟಳೆಯಿರುವುದು ಯೋಗ್ಯವಾಗಿದೆ.

ಆದರೂ ಮನೆಗೆ ಹೋಗದೆ ತಿಳಿಯದ ಸಂಗತಿಗಳಿವೆ. ಆಹಾರ ಅವುಗಳಲ್ಲೊಂದು. ಕಮಲಾಪುರದಲ್ಲಿ ಅತಿಥಿಗೆ ಕೆಂಪು ಬಾಳೆಹಣ್ಣು ಕೊಡುವುದು ಸಹಜ. ಅದರಲ್ಲಿ ತಪ್ಪೇನೂ ಇಲ್ಲ. ಮೂತ್ರಪಿಂಡ ಸೋತು, ಟೆಲ್ಮಿಸಾರ್ಟನ್ ಜೊತೆಗೆ ಸ್ಪೈರೊನೊಲ್ಯಾಕ್ಟೋನನ್ನೂ ನುಂಗುವವರಿಗೆ ಮಾತ್ರ ಅದರ ಪೊಟ್ಯಾಸಿಯಂ ಲೆಕ್ಕಕ್ಕೆ ಬರಬೇಕು. ಈ ಎರಡೂ ಔಷಧಗಳು ಪೊಟ್ಯಾಸಿಯಂ ಅನ್ನು ರಕ್ತದಲ್ಲೇ ತಡೆದಿಡುತ್ತವೆ, ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಇದನ್ನು ಚೀಟಿ ಹೇಳದು, ಅಡಿಗೆಮನೆ ಹೇಳುತ್ತದೆ.

ನಮ್ಮ ಕಾನೂನು ಈ ವಿಷಯದಲ್ಲಿ ಹಿಂದುಳಿದಿಲ್ಲವೆಂಬುದು ಹಲವರಿಗೆ ಆಶ್ಚರ್ಯವಾದೀತು. 2015ರ ಫಾರ್ಮಸಿ ವೃತ್ತಿ ನಿಯಮಗಳು, ಪ್ರತಿ ಚೀಟಿಯನ್ನೂ ಕೊಡುವ ಮುನ್ನ ಔಷಧ ಇಮ್ಮಡಿಯಾಗಿದೆಯೆ, ಒಂದಕ್ಕೊಂದು ಹೊಂದುವುದೆ, ಪ್ರಮಾಣ ಸರಿಯಿದೆಯೆ ಎಂದು ನೋಂದಾಯಿತ ಫಾರ್ಮಸಿಸ್ಟ್ ಪರಿಶೀಲಿಸತಕ್ಕದ್ದೆಂದು ವಿಧಿಸುತ್ತವೆ. ರೋಗಿಗೆ ತಿಳಿವಳಿಕೆ ಕೊಡತಕ್ಕದ್ದೆಂದೂ ಹೇಳುತ್ತವೆ. ಆದರೆ ಗೋಡೆಯಲ್ಲಿ ಪ್ರಮಾಣಪತ್ರ ಒಬ್ಬರದು, ಕಟ್ಟೆಯ ಹಿಂದೆ ನಿಂತ ಹುಡುಗ ಇನ್ನೊಬ್ಬನು ಎಂಬ ಅಂಗಡಿಗಳನ್ನು ಕಾಣದವರು ಯಾರು? ಆ ಹುಡುಗನಿಂದ 28 ಜೋಡಿಗಳ ಲೆಕ್ಕವನ್ನು ನಿರೀಕ್ಷಿಸುವುದು ಅನ್ಯಾಯ. ಔಷಧದಿಂದ ಉಪದ್ರವವಾಯಿತೆಂದು ಶಂಕೆ ಬಂದರೆ ರೋಗಿಯೇ ತಿಳಿಸಲು ದಾರಿಯಿದೆ. 2010ರಲ್ಲಿ ಆರಂಭವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕವಿಲ್ಲದ ದೂರವಾಣಿ 1800-180-3024. ಅದರ ಅರ್ಜಿ ಕನ್ನಡದಲ್ಲಿಯೂ ಇದೆ.

ಪರಿಶೀಲನೆಗೆ ಹೋಗುವವರು ಇಡೀ ಚೀಲವನ್ನು ಒಯ್ಯಬೇಕು: ಕಣ್ಣಿನ ಹನಿ, ಹಚ್ಚುವ ಮುಲಾಮು, ನಾಟಿ ವೈದ್ಯರ ಪುಡಿ, ನೆರೆಯವರು ಕೊಟ್ಟ ಗುಳಿಗೆ ಯಾವುದನ್ನೂ ಬಚ್ಚಿಡಬಾರದು. ಇತ್ತೀಚಿನ ರಕ್ತಪರೀಕ್ಷೆಯ ವರದಿ ಜೊತೆಗಿದ್ದರೆ ಮೂತ್ರಪಿಂಡದ ಲೆಕ್ಕ ಅಲ್ಲೇ ಆಗುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಅದನ್ನೆಲ್ಲಿ ಇಡುತ್ತಾರೆಂಬುದನ್ನೂ ಹೇಳಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಬಳಕೆಯಲ್ಲಿರುವ ಸೀಸೆ ಸುಮಾರು ನಾಲ್ಕು ವಾರ ಹೊರಗಿರಬಹುದಾದರೂ ಕಲಬುರಗಿಯ ಬೇಸಗೆಯನ್ನು ಅದು ತಾಳದು. ತಂಪುಪೆಟ್ಟಿಗೆಯಿಲ್ಲದ ಮನೆಯಲ್ಲಿ ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಮರಳು ತುಂಬಿ ನೀರು ಚಿಮುಕಿಸಿ, ಒಳಗಿನ ಮಡಕೆಯಲ್ಲಿ ಸೀಸೆಯನ್ನು ನೀರು ತಾಕದಂತೆ ಇಡುವುದುಂಟು. ಹೊರಮೈಯಿಂದ ಆರುವ ನೀರು ಶಾಖವನ್ನು ಒಯ್ಯುವುದರಿಂದ ಒಳಗೆ ಕೆಲವು ಡಿಗ್ರಿ ತಂಪಾಗಿರುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟಾಗಿ ನಡೆಯದು. ಕಮಲಾಪುರದ ಒಣಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಮರಳು ಒಣಗದಂತೆ ಬೆಳಿಗ್ಗೆ ಸಂಜೆ ನೀರು ಹಾಕಬೇಕು, ಮಡಕೆಯನ್ನು ಗಾಳಿಯಾಡುವ ನೆರಳಿನಲ್ಲಿಡಬೇಕು.